ಎ ಸ್ಟೇಷನರಿಯೋ, ಇ ಸ್ಟೇಷನರಿಯೋ?

ಭಾನುವಾರ ಬೆಳಿಗ್ಗೆ ಮಗಳು ವರ್ಕ್‌ಬುಕ್ ಹಿಡಿದು ಬಂದಳು. ಆರನೇ ಕ್ಲಾಸು. "ಅಪ್ಪಾ, ಪ್ರಿನ್ಸಿಪಲ್‌ಗೂ ಪ್ರಿನ್ಸಿಪಲ್‌ಗೂ ಏನು ವ್ಯತ್ಯಾಸ?"

ಇನ್ನೊಂದು ಸಲ ಹೇಳಿಸಿದೆ. ನನ್ನ ಕಿವಿ ಸರಿಯಾಗಿಯೇ ಇತ್ತು. ಪುಸ್ತಕ ಇಸಿದುಕೊಂಡು ನೋಡಿದರೆ ಒಂದರ ಕೊನೆಗೆ ಎ, ಎಲ್. ಇನ್ನೊಂದರ ಕೊನೆಗೆ ಎಲ್, ಇ. ಮೊದಲನೆಯದು ಕಾಲೇಜಿನಲ್ಲಿ ಗಾಜಿನ ಮೇಜಿನ ಹಿಂದೆ ಕೂರುತ್ತದೆ. ಎರಡನೆಯದಕ್ಕೆ ಎಲ್ಲೂ ಕುರ್ಚಿ ಇಲ್ಲ, ಅದಕ್ಕೆ ತತ್ತ್ವ ಅಂತ ಹೆಸರು.

ಪಾಠದ ಶೀರ್ಷಿಕೆ ‘ಗೊಂದಲ ಮಾಡುವ ಪದಗಳು’. ಇಪ್ಪತ್ತು ವಾಕ್ಯ, ಪ್ರತಿಯೊಂದರಲ್ಲೂ ಒಂದು ಖಾಲಿ ಜಾಗ, ಪಕ್ಕದಲ್ಲಿ ಅವಳಿ ಮಕ್ಕಳಂತೆ ಎರಡು ಪದ. ‘ಸೈನಿಕನು ತನ್ನ ಠಾಣೆಯನ್ನು ಡ್ಯಾಶ್ ಮಾಡಲಿಲ್ಲ.’ ಪಕ್ಕದಲ್ಲಿ ಡೆಸರ್ಟ್, ಡೆಸರ್ಟ್. ಒಂದು ಎಸ್ ಹಾಕಿದರೆ ಅವನು ಠಾಣೆ ಬಿಟ್ಟು ಓಡಿಹೋಗಲಿಲ್ಲ. ಎರಡು ಹಾಕಿದರೆ ಠಾಣೆಯನ್ನು ಊಟವಾದ ಮೇಲೆ ಜಾಮೂನಿನಂತೆ ತಿನ್ನಲಿಲ್ಲ. ಯಾವ ಸೈನಿಕನೂ ಎರಡನೆಯದನ್ನು ಮಾಡಿದ ದಾಖಲೆ ಇಲ್ಲ. ಆದರೂ ಆ ಸಾಧ್ಯತೆಯನ್ನು ಪರಿಶೀಲಿಸದೆ ನಮ್ಮ ಮಕ್ಕಳು ಏಳನೇ ಕ್ಲಾಸಿಗೆ ಹೋಗುವಂತಿಲ್ಲ.

ನೆನಪಿಟ್ಟುಕೊಳ್ಳಲು ಉಪಾಯಗಳೂ ಇವೆ. ಪ್ರಿನ್ಸಿಪಾಲ್ ಅಂದರೆ ನಿಮ್ಮ ‘ಪಾಲ್’, ಅಂದರೆ ದೋಸ್ತ್. ಇದನ್ನು ಬರೆದವರು ನಮ್ಮ ಪ್ರಿನ್ಸಿಪಾಲರನ್ನು ನೋಡಿಲ್ಲ. ಅವರು ಕಾರಿಡಾರಿನ ಆ ತುದಿಯಲ್ಲಿ ಕೆಮ್ಮಿದರೆ ಈ ತುದಿಯ ಮೂರು ಕ್ಲಾಸು ಗಪ್‌ಚಿಪ್. ಹಾಗೆ ನೋಡಿದರೆ ನಮ್ಮ ಜನ ಈ ತೊಂದರೆಯನ್ನು ಯಾವತ್ತೋ ಬಗೆಹರಿಸಿದ್ದಾರೆ. ಮನುಷ್ಯನಾದರೆ ಪ್ರಿನ್ಸಿಪಾಲ್ ಅಂತ ಪಾ ಎಳೆಯುತ್ತಾರೆ. ಇಂಗ್ಲಿಷರಿಗೂ ಕೇಳಿಸದ ವ್ಯತ್ಯಾಸವನ್ನು ನಾವು ಬಾಯಲ್ಲೇ ಮಾಡಿಟ್ಟಿದ್ದೇವೆ. ಅದಕ್ಕೆ ಅಂಕ ಮಾತ್ರ ಇಲ್ಲ.

ಮುಂದಿನದು ಸ್ಟೇಷನರಿ. ಪೆನ್ನು, ಪೇಪರಿನದಾದರೆ ಇ. ನಿಂತಲ್ಲೇ ನಿಂತಿರುವುದಾದರೆ ಎ. ಉಪಾಯ: ಇ ಫಾರ್ ಎನ್ವಲಪ್.

"ಎನ್ವಲಪ್ ಅಂದ್ರೇನಪ್ಪಾ?"

"ಕವರ್ ಕಣಮ್ಮ. ಮದುವೇಲಿ ಮುಯ್ಯಿ ಹಾಕ್ತೀವಲ್ಲ, ಅದು."

"ಹಾಗಾದ್ರೆ ಸಿ ಹಾಕ್ಬೇಕಾ?"

ಅಲ್ಲಿಗೆ ನಾನು ಕಾಫಿಗೆ ಎದ್ದೆ.

ತಮಾಷೆ ಏನೆಂದರೆ, ಅರ್ಧ ಗಂಟೆ ಹಿಂದೆ ನನಗೆ ಇವೆಲ್ಲ ಚೆನ್ನಾಗಿ ಗೊತ್ತಿದ್ದವು. ಇಪ್ಪತ್ತು ವರ್ಷದಿಂದ ಆಫೀಸಿನಲ್ಲಿ ಇಂಗ್ಲಿಷಲ್ಲೇ ಕಾಗದ ಬರೆಯುತ್ತಿದ್ದೇನೆ. ಬೆರಳು ತಾನಾಗಿ ಸರಿಯಾದ ಅಕ್ಷರ ಒತ್ತುತ್ತಿತ್ತು. ಈ ಎರಡೆರಡು ಪದಗಳನ್ನು ಅಕ್ಕಪಕ್ಕ ಕೂರಿಸಿ ನೋಡಿದ ಮೇಲೆ ಒಂದೂ ನೆಚ್ಚಿಕೆ ಇಲ್ಲ. ಅವು ಹೊರಗಿನ ಲೋಕದಲ್ಲಿ ಒಂದನ್ನೊಂದು ಭೇಟಿಯಾಗುವುದೇ ಇಲ್ಲ. ಇದರ ಪಾಡಿಗೆ ಇದು, ಅದರ ಪಾಡಿಗೆ ಅದು. ವ್ಯಾಕರಣದ ಪುಸ್ತಕದವರು ಎರಡನ್ನೂ ಎಳೆತಂದು ಒಂದೇ ಬೆಂಚಿನಲ್ಲಿ ಕೂರಿಸಿ, "ಇವರಲ್ಲಿ ಯಾರು ಯಾರು ಹೇಳು" ಅನ್ನುತ್ತಾರೆ. ಗೊಂದಲವನ್ನು ಪಾಠ ಬಗೆಹರಿಸುವುದಿಲ್ಲ, ಮನೆಬಾಗಿಲಿಗೆ ತಂದುಕೊಡುತ್ತದೆ. ದೊಡ್ಡವರಾದ ಮೇಲೆ ಇದೇ ಸರಕು ಬ್ಯಾಂಕ್ ಪರೀಕ್ಷೆಯಲ್ಲಿ ಮತ್ತೆ ಬರುತ್ತದೆ. ಅಲ್ಲಿ ತಪ್ಪಾದರೆ ಕಾಲು ಭಾಗ ಅಂಕ ವಾಪಸ್ಸು ಕಿತ್ತುಕೊಳ್ಳುತ್ತಾರೆ. ಬಡ್ಡಿ ವ್ಯವಹಾರದವರು, ಅಭ್ಯಾಸ.

ಇಷ್ಟೆಲ್ಲ ಶಿಸ್ತು ಇಂಗ್ಲಿಷರಿಗಾದರೂ ಇತ್ತೇ? ಹಿಟ್ಟಿಗೆ ಮತ್ತು ಹೂವಿಗೆ ಅವರಲ್ಲಿ ಒಂದೇ ಪದ ಇತ್ತು, ಫ್ಲವರ್. ಕಾಳಿನ ಹೂವಿನಂಥ ಭಾಗವೇ ಹಿಟ್ಟು ಅನ್ನುವ ಲೆಕ್ಕ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಅಷ್ಟು ದಪ್ಪನೆಯ ನಿಘಂಟು ಮಾಡಿದರಲ್ಲ, ಅದರಲ್ಲೂ ಹಿಟ್ಟಿಗೆ ಬೇರೆ ಸ್ಪೆಲ್ಲಿಂಗ್ ಇಲ್ಲ. ಪುಣ್ಯಾತ್ಮ ಮಗಳ ಕ್ಲಾಸಿನಲ್ಲಿದ್ದಿದ್ದರೆ ಒಂದು ಅಂಕ ಹೋಗುತ್ತಿತ್ತು, ಜೊತೆಗೆ ಹತ್ತು ಸಲ ಬರೆದು ತರಬೇಕಿತ್ತು.

ಹೋಗಲಿ, ಈಗಲಾದರೂ ಒಮ್ಮತ ಇದೆಯೇ? ಲೈಸೆನ್ಸ್, ಪ್ರಾಕ್ಟೀಸ್ ಎರಡಕ್ಕೂ ಇಂಗ್ಲೆಂಡಿನಲ್ಲಿ ನಾಮಪದವಾದರೆ ಸಿ, ಕ್ರಿಯಾಪದವಾದರೆ ಎಸ್. ಅಮೆರಿಕದವರು ಸರಳ ಮಾಡುತ್ತೇವೆಂದು ಹೊರಟರು. ಲೈಸೆನ್ಸ್ ಹೇಗೇ ಬಂದರೂ ಎಸ್ ಎಂದರು. ಪ್ರಾಕ್ಟೀಸ್ ಹೇಗೇ ಬಂದರೂ ಸಿ ಎಂದರು. ನಮ್ಮ ಮಗು ಶಾಲೆಯಲ್ಲಿ ಇಂಗ್ಲೆಂಡಿನದು ಕಲಿಯುತ್ತದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಹೊಡೆದರೆ ಅಮೆರಿಕ ಕೆಂಪು ಗೆರೆ ಎಳೆಯುತ್ತದೆ. ಇಬ್ಬರು ಅತ್ತೆಯರಿರುವ ಮನೆಗೆ ಸೊಸೆ ಹೋದ ಹಾಗೆ.

ನಮ್ಮ ಬಾಯಿಯ ಕಷ್ಟ ಬೇರೆ. ಕಳೆದುಕೊಳ್ಳುವುದಕ್ಕೂ ಸಡಿಲವಾಗುವುದಕ್ಕೂ ಇಂಗ್ಲಿಷಿನಲ್ಲಿ ಉಚ್ಚಾರವೇ ಬೇರೆ ಬೇರೆಯಂತೆ. ಒಂದರಲ್ಲಿ ದುಂಬಿಯ ಹಾಗೆ ಗುಯ್‌ಗುಟ್ಟಬೇಕಂತೆ. ಕನ್ನಡದ ನಾಲಿಗೆಗೆ ಆ ದುಂಬಿ ಹತ್ತುವುದಿಲ್ಲ. ಹಾಗಾಗಿ ಪಂದ್ಯ ಸೋತರೂ ಲೂಸ್, ಪ್ಯಾಂಟು ಜಾರಿದರೂ ಲೂಸ್, ತಲೆ ಕೆಟ್ಟರೆ ಲೂಸು, ಹೊಟ್ಟೆ ಕೆಟ್ಟರೆ ಲೂಸ್ ಮೋಷನ್. ಒಂದು ಪದದಲ್ಲಿ ಇಡೀ ಸಂಸಾರ ನಡೆಸುವ ಜನರಿಗೆ ಎಷ್ಟು ‘ಓ’ ಹಾಕಬೇಕು ಎಂದು ಕೇಳುವುದು ಸ್ವಲ್ಪ ಜಾಸ್ತಿಯಾಯಿತು.

ಇಂಥ ಪ್ರಶ್ನೆ ಕೇಳುವವರು ಮಾತ್ರ ಪದ ಆರಿಸುವುದರಲ್ಲಿ ನಿಸ್ಸೀಮರಿರಬೇಕು, ಅಲ್ವಾ? 2024ರ ಆಗಸ್ಟ್ 27ರಂದು ಕೆಪಿಎಸ್‌ಸಿ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ನಡೆಸಿತು. ಇಂಗ್ಲಿಷಿನಿಂದ ಇಳಿಸಿದ ಕನ್ನಡ ಪ್ರಶ್ನೆಗಳು ಎಷ್ಟು ಎಡವಟ್ಟಾಗಿದ್ದವೆಂದರೆ ಸರ್ಕಾರವೇ ಮರುಪರೀಕ್ಷೆ ಮಾಡಿ ಎಂದಿತು. ಡಿಸೆಂಬರ್ 29ರಂದು ಮರುಪರೀಕ್ಷೆಯೂ ಆಯಿತು. ಅದರಲ್ಲೂ ಅನುವಾದ ಕೆಟ್ಟಿದೆ ಎಂದು ಅಭ್ಯರ್ಥಿಗಳು ಮತ್ತೆ ಪ್ರತಿಭಟನೆಗೆ ಕೂತರು. ಕರ್ನಾಟಕದ ಪರೀಕ್ಷೆ, ಕನ್ನಡದ ಪದ, ನಾಲ್ಕು ತಿಂಗಳ ಸಮಯ. ಅಭ್ಯರ್ಥಿ ತಪ್ಪು ಗುಂಡಿ ತುಂಬಿದರೆ ಅಂಕ ಕಳೆಯುವ ನಿಯಮ ಇದೆ. ಪ್ರಶ್ನೆಯೇ ತಪ್ಪಾದರೆ ಯಾರಿಂದ ಎಷ್ಟು ಕಳೆಯಬೇಕು ಅನ್ನುವುದು ಮಾತ್ರ ಪ್ರಶ್ನೆಪತ್ರಿಕೆಯ ಮೇಲೆ ಅಚ್ಚಾಗಿರುವುದಿಲ್ಲ. ಈ ಅಧಿಕಾರಿಗಳನ್ನು ಆರಿಸುವ ಜಾಗದಲ್ಲಿ ಸರಿಯಾದ ಪದ ಆರಿಸುವವರೊಬ್ಬರು ಸಿಕ್ಕಿದ್ದರೆ ಸಾಕಿತ್ತು. ಆರನೇ ಕ್ಲಾಸಿನವರಾದರೂ ಆಗುತ್ತಿತ್ತು.

ಸಂಜೆ ಹೊತ್ತಿಗೆ ಮಗಳು ಹದಿನೇಳು ವಾಕ್ಯ ಮುಗಿಸಿದ್ದಳು. ಅದರಲ್ಲಿ ಆರು ನಾನು ಹೇಳಿಕೊಟ್ಟವು. ಅವನ್ನು ಅಳಿಸಲು ವೈಟ್ನರ್ ಬೇಕೆಂದಳು. ಬೀದಿ ಕೊನೆಯ ಅಂಗಡಿಗೆ ಹೋದೆವು. ಬೋರ್ಡಿನ ಮೇಲೆ ಕೆಂಪು ಬಣ್ಣದಲ್ಲಿ, ಇಂಗ್ಲಿಷಿನಲ್ಲಿ, ‘ಬುಕ್ಸ್ ಅಂಡ್ ಸ್ಟೇಷನರಿ’. ಮಗಳು ಕೈ ಜಗ್ಗಿದಳು. "ಅಪ್ಪಾ, ಎ ಹಾಕಿದ್ದಾರೆ! ತಪ್ಪು!"

ನಾನೂ ನಗಲು ಹೊರಟೆ. ಆಮೇಲೆ ಎಲ್ಲೋ ಓದಿದ್ದು ನೆನಪಾಯಿತು. ಹಳೆಯ ಕಾಲದಲ್ಲಿ ಯುರೋಪಿನ ವಿಶ್ವವಿದ್ಯಾಲಯಗಳ ಊರುಗಳಲ್ಲಿ, ಊರೂರು ಅಲೆಯದೆ ಒಂದೇ ಜಾಗದಲ್ಲಿ ಅಂಗಡಿ ಇಟ್ಟು ಪುಸ್ತಕ ಮಾರುತ್ತಿದ್ದವನನ್ನು ಲ್ಯಾಟಿನ್‌ನಲ್ಲಿ ಸ್ಟೇಷನಾರಿಯಸ್ ಅನ್ನುತ್ತಿದ್ದರು. ಅಂದರೆ ನಿಂತಲ್ಲೇ ನಿಂತವನು. ಅವನು ಮಾರುವ ಸಾಮಾನಿಗೆ ಆಮೇಲೆ ಅವನ ಹೆಸರೇ ಬಂತು. ಎರಡೂ ಒಂದೇ ಬೇರಿನವು. ಮಧ್ಯದಲ್ಲಿ ಆ ಎ, ಇ ಗೋಡೆ ಎದ್ದದ್ದು ಆಮೇಲೆ.

ವೈಟ್ನರ್ ಕೊಡುತ್ತಿದ್ದ ಅಂಗಡಿಯವರನ್ನು ಸುಮ್ನೆ ಕೇಳಿದೆ, "ಅಂಗಡಿ ಎಷ್ಟು ವರ್ಷದಿಂದ ಇದೆ ಸಾರ್?"

"ಇಪ್ಪತ್ತೆರಡು ವರ್ಷ ಆಯ್ತು. ಎಲ್ಲೂ ಕದಲಿಲ್ಲ, ಇಲ್ಲೇ ಇದ್ದೀನಿ."