ರಸಮಂಜರಿಗೆ ಕಂಠ ಐಚ್ಛಿಕ, ಕೋಟು ಕಡ್ಡಾಯ

ಗಣಪತಿ ಕೂರಿಸುವ ಕಾಲ ಬಂತೆಂದರೆ ಶಿವಮೊಗ್ಗ ಸೀಮೆಯ ಸಮಿತಿಗಳಿಗೆ ‘ರೆಟ್ರೊ ರಸಮಂಜರಿ’ಯ, ಅಂದರೆ ಹಳೆಯ ತಾರೆಗಳ ವೇಷ ತೊಟ್ಟು ಹಾಡುವ ಕಾರ್ಯಕ್ರಮದ, ಜ್ವರ ಏರುತ್ತದೆ. ಗಾಯಕ ಫೋನೆತ್ತಿದರೆ ಮೊದಲ ಪ್ರಶ್ನೆ ಶ್ರುತಿಯದ್ದಲ್ಲ: “ಡ್ರೆಸ್ ಯಾವುದಿದೆ ಮಾರಾಯ್ರೆ?” ಹಾಡು ಹೇಗೂ ಪೆನ್‌ಡ್ರೈವಿನಲ್ಲಿದೆ. ಕೈಕೊಡುವುದು ಬಟ್ಟೆಯೇ.

ಅಮೆರಿಕದ ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿ 1973ರಲ್ಲಿ ಹದ್ದಿನ ಚಿತ್ರದ ಬಿಳಿ ಜಂಪ್‌ಸೂಟ್ (ಅಂಗಿ-ಪ್ಯಾಂಟು ಒಂದೇ ಆದ ಉಡುಪು) ತೊಟ್ಟು ಹಾಡಿದ್ದು ಹವಾಯಿಯ ಒಳಾಂಗಣದಲ್ಲಿ. ಇಲ್ಲಿ ವ್ಯಾನಿನಿಂದ ವೇದಿಕೆವರೆಗೂ ಕೆಸರು. ನೆಲಕ್ಕೆ ಅರ್ಧ ಇಂಚು ಬಿಟ್ಟು ಹೊಲಿದ ಬೆಲ್‌ಬಾಟಮ್ ಕೆಂಪು ನೀರನ್ನು ದೀಪದ ಬತ್ತಿಯಂತೆ ಹೀರಿಕೊಂಡು ಎರಡನೇ ಚರಣಕ್ಕೆ ಮೊಣಕಾಲು ಮುಟ್ಟಿಸುತ್ತದೆ. ಅಡಿಕೆ ಕೊಯ್ಲು ಇನ್ನೂ ಶುರುವಾಗಿಲ್ಲ, ಚೊಗರಿನ ಕಲೆಯೊಂದು ತಪ್ಪಿತು.

ಮೈಕಲ್ ಜಾಕ್ಸನ್ ಆಗುವವರ ಪಾಡು ಬೇರೆ. 1983ರ ‘ಥ್ರಿಲ್ಲರ್’ ವಿಡಿಯೊದ ಕೆಂಪು ಜಾಕೆಟ್ ಬಾಡಿಗೆಗೆ ಸಿಗುವುದು ಫೋಮ್ ಲೆದರಿನಲ್ಲಿ, ಅಂದರೆ ಬಟ್ಟೆಯ ಮೇಲೆ ಪಾಲಿಯುರೆಥೇನ್ ಪದರ. ಮಳೆಗಾಲದ ತೇವಕ್ಕೆ ಆ ಪದರ ಒಳಗೊಳಗೇ ಸಡಿಲಾಗುತ್ತದೆ. ಭುಜ ಕುಣಿಸಿದ ಕೂಡಲೇ ಸಿಪ್ಪೆ ಕಿತ್ತು ಕೀಬೋರ್ಡಿನವನ ಮೇಲೆ. ಬೀರುವಿನಲ್ಲಿ ನುಸಿಗುಳಿಗೆ ಇಟ್ಟು ಪ್ರಯೋಜನವಿಲ್ಲ. ಅದು ಹುಳಕ್ಕೆ ಮದ್ದು, ತೇವಕ್ಕಲ್ಲ. ಇನ್ನು ಮುಂದೆ ನಡೆದಂತೆ ಕಂಡರೂ ಹಿಂದಕ್ಕೆ ಜಾರುವ ಮೂನ್‌ವಾಕ್: ನುಣುಪು ನೆಲ, ನುಣುಪು ಅಟ್ಟೆ ಬೇಕು. ಕೆಂಪು ಮ್ಯಾಟಿನ ಮೇಲೆ ಗಾಯಕ ನಿಂತಲ್ಲೇ ಇರುತ್ತಾನೆ, ಮ್ಯಾಟು ಮಾತ್ರ ಮುದುರಿಕೊಂಡು ಹಿಂದಕ್ಕೆ ಹೋಗುತ್ತದೆ. ಜಾಕ್ಸನ್ ನೆಟ್ಟಗೆ ಮುಂದಕ್ಕೆ ವಾಲುವ ಭಂಗಿಯ ಬೂಟಿಗೆ 1993ರಲ್ಲಿ ಪೇಟೆಂಟೇ ಸಿಕ್ಕಿತ್ತು: ಹಿಮ್ಮಡಿಯ ಸೀಳು ವೇದಿಕೆಯಿಂದೆದ್ದ ಗೂಟಕ್ಕೆ ಸಿಕ್ಕಿಕೊಳ್ಳಬೇಕು. ನಮ್ಮ ವೇದಿಕೆಯ ಪ್ಲೈವುಡ್ಡಿಗೆ ಮೊಳೆಯೇ ಹೊಡೆದಿರುವುದಿಲ್ಲ. ಗಾಯಕ ವಾಲಿದರೆ ಹಲಗೆಯೂ ಏಳುತ್ತದೆ, ಎದುರಿಗೆ ಮುಖ್ಯ ಅತಿಥಿಗಳ ಸೋಫಾ.

ಮೈತುಂಬ ಸರ ಹಾಕುತ್ತಿದ್ದ ಹಿಂದಿ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ಅವರ ಚಿನ್ನ ಅಸಲಿಯಾಗಿತ್ತು. ಇಲ್ಲಿನ ಹಿತ್ತಾಳೆ ಸರ ಬೆವರಿಗೆ ಹಸಿರಾಗಿ ಕತ್ತಿಗೆ ಬಳಿದುಕೊಳ್ಳುತ್ತದೆ. ಮೈಕು ಎದೆಗಿಳಿದಾಗಲೆಲ್ಲ ಟಣ್ ಟಣ್. ರಿದಂ ಪ್ಯಾಡಿನವನಿಗೆ ಅಷ್ಟು ಕೆಲಸ ಕಡಿಮೆಯಾಯಿತು.

ಮಲೆನಾಡಿಗೆ ಸರಿಹೊಂದುವುದು ಅಮೆರಿಕದ ರಾಕ್ ಗಾಯಕ ಕರ್ಟ್ ಕೊಬೇನ್ ಒಬ್ಬನೇ. ಅವನ ಸೀಮೆಯೂ ಮಳೆಯದ್ದು, ಮರ ಕಡಿಯುವವರದ್ದು; ಅವರ ಚೌಕಳಿ ಫ್ಲ್ಯಾನೆಲ್ ಅಂಗಿಯೇ ಅವನ ರಾಕ್ ಶೈಲಿಯಾದ ಗ್ರಂಜ್‌ನ ಸಮವಸ್ತ್ರ. 1992ರಲ್ಲಿ ವಸ್ತ್ರವಿನ್ಯಾಸಕ ಮಾರ್ಕ್ ಜೇಕಬ್ಸ್ ಅದನ್ನೇ ನ್ಯೂಯಾರ್ಕಿನ ಫ್ಯಾಷನ್ ಷೋಗೆ ರೇಷ್ಮೆಯಲ್ಲಿ ಹೊಲಿಸಿ ಕೆಲಸ ಕಳೆದುಕೊಂಡ. ನಮ್ಮಲ್ಲಿ ಅಂಥ ಅಂಗಿಯ ಮೇಲೊಂದು ಕಂಬಳಿಕೊಪ್ಪೆ ಹಾಕಿಕೊಂಡು ಹೋಗಿ ನೋಡಿ. “ಏನ್ರೀ, ಗದ್ದೆಯಿಂದ ಎದ್ದು ಬಂದಿದ್ದೀರಾ? ಹೋಗಿ ಡ್ರೆಸ್ ಹಾಕ್ಕೊಂಡು ಬನ್ನಿ” ಎಂದು ಅಧ್ಯಕ್ಷರು ಹಿಂದಕ್ಕೆ ಅಟ್ಟುತ್ತಾರೆ. ಅದೇ ಅಂಗಿಗೆ ಡ್ರೆಸ್ ಅಂಗಡಿಯ ಬಾಡಿಗೆ ಚೀಟಿ ಇದ್ದರೆ ಅಡ್ಡಿಯಿಲ್ಲ, ಖರ್ಚಿಗೆ ಬರೆದುಕೊಳ್ಳಬಹುದು.