ಬಿಸಿಲಿಗೆ ಸತ್ತವರ ಲೆಕ್ಕ ಯಾರು ಇಡಬೇಕು?

ನನ್ನ ಊರು ಕಲಬುರಗಿ. ಅಹಮದಾಬಾದಿಗೆ ಬಂದು ಹನ್ನೊಂದು ವರ್ಷ ಆಯಿತು. ಹಾಗಾಗಿ ಬಿಸಿಲು ನನಗೆ ಹೊಸದಲ್ಲ. ಬಿಸಿಲಿಗೆ ಜನ ಸತ್ತರೆ ಅದಕ್ಕೆ ಸರ್ಕಾರ ಉತ್ತರ ಕೊಡಬೇಕು ಅನ್ನುವ ಮಾತನ್ನು ಮಾತ್ರ ನಾನು ಇಲ್ಲೇ ಮೊದಲು ಕೇಳಿದ್ದು.

ನಮ್ಮ ಕಾಕಾ ಒಂದು ದಾಲ್ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದರು. ಮೇ ತಿಂಗಳ ಒಂದು ಮಧ್ಯಾಹ್ನ, ತಗಡಿನ ಶೆಡ್ಡಿನಲ್ಲಿ ತೊಗರಿ ಚೀಲ ಹೊರುವಾಗ ತಲೆ ಸುತ್ತಿ ಬಿದ್ದರು. ಮೈ ಕೆಂಡದ ಹಾಗೆ ಸುಡುತ್ತಿತ್ತು, ಒಂದು ಹನಿ ಬೆವರಿರಲಿಲ್ಲ ಅಂತ ಜೊತೆಯವರು ಆಮೇಲೆ ಹೇಳಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ಕಾಗದದಲ್ಲಿ ಹೃದಯಾಘಾತ ಅಂತ ಬರೆದರು. ಮನೆಯವರು ಅದನ್ನೇ ನಂಬಿದರು. ನಾನೂ ನಂಬಿದ್ದೆ.

2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಬಿಸಿಲು 46.8 ಡಿಗ್ರಿ ಮುಟ್ಟಿತ್ತು. ಆ ಒಂದು ತಿಂಗಳಲ್ಲಿ ಬೇರೆ ವರ್ಷಗಳ ಮೇಗಿಂತ 1,344 ಜನ ಹೆಚ್ಚು ಸತ್ತಿದ್ದರು. ಇದು ಗೊತ್ತಾಗಿದ್ದು ಸಾವಿನ ಪ್ರಮಾಣಪತ್ರದಿಂದ ಅಲ್ಲ, ಅಲ್ಲಿ ಬಿಸಿಲು ಅಂತ ಬರೆಯುವುದು ಬಹಳ ಅಪರೂಪ. ಸಂಶೋಧಕರು ದಿನಕ್ಕೆ ಎಷ್ಟು ಸಾವು ಅನ್ನುವ ಲೆಕ್ಕವನ್ನು ಆ ದಿನದ ತಾಪಮಾನದ ಪಕ್ಕ ಇಟ್ಟು ನೋಡಿದರು, ಅಷ್ಟೇ. ಇದನ್ನು ಓದಿದ ದಿನ ನನಗೆ ಕಾಕಾ ನೆನಪಾಗಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಆಮೇಲೆ 2013ರಲ್ಲಿ ಇಲ್ಲಿನ ಮಹಾನಗರ ಪಾಲಿಕೆ ಬಿಸಿಲಿಗೇ ಅಂತ ಒಂದು ಯೋಜನೆ ತಂತು. ದೇಶದಲ್ಲಿ ಅದೇ ಮೊದಲು. 41 ಡಿಗ್ರಿ ದಾಟಿದರೆ ಹಳದಿ ಎಚ್ಚರಿಕೆ, 43 ದಾಟಿದರೆ ಕಿತ್ತಳೆ, 45ಕ್ಕೆ ಕೆಂಪು. ಬಣ್ಣಕ್ಕಿಂತ ದೊಡ್ಡ ವಿಷಯ ಏನೆಂದರೆ, ಎಲ್ಲಾ ಇಲಾಖೆಗಳಿಗೂ ಸುದ್ದಿ ಮುಟ್ಟಿಸಿ ಕೆಲಸ ಮಾಡಿಸುವ ಹೊಣೆ ಒಬ್ಬ ಅಧಿಕಾರಿಯದು. ಯಾರನ್ನು ಕೇಳಬೇಕು ಅನ್ನುವುದು ಗೊತ್ತಿರುತ್ತದೆ. ಕೊಳೆಗೇರಿಗಳಲ್ಲಿ ಸೂರಿಗೆ ಬಿಳಿ ಬಣ್ಣ ಬಳಿಸಿದರು. ಪಾಲಿಕೆಯ ಒಂದು ಆಸ್ಪತ್ರೆಯಲ್ಲಿ ಬಾಣಂತಿಯರ ವಾರ್ಡು ಮೇಲಿನ ಮಹಡಿಯಲ್ಲಿತ್ತು. ತಾರಸಿಯ ಕಾವಿಗೆ ಹಸುಗೂಸುಗಳಿಗೆ ಜ್ವರ ಬರುತ್ತಿತ್ತು. ವಾರ್ಡನ್ನು ನೆಲಮಹಡಿಗೆ ಇಳಿಸಿದರು, ಬಿಸಿಲಿನಿಂದ ಕಾಯಿಲೆ ಬೀಳುವ ಕೂಸುಗಳು ಕಡಿಮೆಯಾದವು. ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಕಿತ್ತಾ? ಮಂಚಗಳನ್ನು ಕೆಳಗೆ ತಂದರು, ಅಷ್ಟೇ ಅಲ್ವಾ.

ಇಲ್ಲಿ ಎಲ್ಲ ಸರಿಯಿದೆ ಅಂತ ಹೇಳುತ್ತಿಲ್ಲ. ಊರ ಹೊರಗಿನ ಕಟ್ಟಡ ಕೆಲಸದ ಜಾಗಗಳಲ್ಲಿ ಮಟಮಟ ಮಧ್ಯಾಹ್ನ ಕೂಡ ಜನ ಇಟ್ಟಿಗೆ ಹೊರುವುದನ್ನು ನಾನೇ ನೋಡಿದ್ದೇನೆ. ಆದರೂ ಕೇಳುವುದಕ್ಕೆ ಒಂದು ಬಾಗಿಲು ಇದೆ.

ನಮ್ಮ ಕಡೆ ಪ್ರತಿ ಬೇಸಿಗೆಯಲ್ಲಿ ಕಲಬುರಗಿ ವಿಭಾಗ, ವಿಜಯಪುರ, ಬಾಗಲಕೋಟೆಯ ಸರ್ಕಾರಿ ಕಚೇರಿಗಳ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಆಗುತ್ತದೆ. ಒಳ್ಳೆಯದೇ, ನೌಕರರೂ ಮನುಷ್ಯರೇ. ಆದರೆ ಮಧ್ಯಾಹ್ನದ ಬಿಸಿಲಲ್ಲಿ ಕೆಲಸ ಮಾಡುವುದು ಜೀವಕ್ಕೆ ಅಪಾಯ ಅಂತ ಸರ್ಕಾರಕ್ಕೆ ಚೆನ್ನಾಗಿ ಗೊತ್ತು ಅಂತಾಯಿತಲ್ಲ? ಹಾಗಿದ್ದರೆ ಫ್ಯಾನಿನ ಕೆಳಗೆ ಕೂತವರಿಗೆ ಇರುವ ಆದೇಶ ಚೀಲ ಹೊರುವವರಿಗೆ ಯಾಕಿಲ್ಲ? ಅವರಿಗೆ ಸಿಗುವುದು ಸಲಹೆ ಮಾತ್ರ. 12ರಿಂದ 3ರವರೆಗೆ ಹೊರಗೆ ಹೋಗಬೇಡಿ, ನೀರು ಜಾಸ್ತಿ ಕುಡಿಯಿರಿ. ದಿನಗೂಲಿಯವನು ಹೊರಗೆ ಹೋಗದಿದ್ದರೆ ಸಂಜೆ ಮನೆಯಲ್ಲಿ ರೊಟ್ಟಿ ಬಡಿಯುವುದು ಹೇಗೆ?

ಹವಾಮಾನ ಬದಲಾವಣೆ ಅಂದರೆ ನಮ್ಮಲ್ಲಿ ದೇಶದ ಇಂಗಾಲದ ಹೊಗೆಯನ್ನು ನಿವ್ವಳ ಸೊನ್ನೆಗೆ ಇಳಿಸುವ 2070ರ ಗುರಿಯ ಮಾತು ಬರುತ್ತದೆ, ಪಾವಗಡದ ಸೋಲಾರ್ ಪಾರ್ಕಿನ ಮಾತು ಬರುತ್ತದೆ. ಅವೆಲ್ಲ ಬೇಕು, ಖಂಡಿತ ಬೇಕು. ಆದರೆ ಈ ಮೇ ತಿಂಗಳು ದಾಟುವುದು ಹೇಗೆ ಅನ್ನುವುದೂ ಹವಾಮಾನ ನೀತಿಯೇ. 2024ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಗುಜರಾತ್ ಮತ್ತು ರಾಜಸ್ಥಾನದ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗಳು ವಿದ್ಯುತ್ ತಂತಿಗೆ ಬಡಿದು ಸಾಯುತ್ತಿದ್ದ ಕೇಸು ಅದು. ಅದರಲ್ಲೇ, ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ರಕ್ಷಣೆ ಪಡೆಯುವುದು ಸಂವಿಧಾನದ 14 ಮತ್ತು 21ನೇ ವಿಧಿಯಲ್ಲಿ ಬರುವ ಹಕ್ಕು ಅಂತ ಹೇಳಿತು. ಹಕ್ಕು ಅಂದಮೇಲೆ ಅದನ್ನು ಕಾಯುವ ಹೊಣೆ ಯಾರದು? ಅದೇ ವರ್ಷ ತಮಿಳುನಾಡು ಬಿಸಿಗಾಳಿಯನ್ನು ರಾಜ್ಯದ ವಿಪತ್ತು ಅಂತ ಘೋಷಿಸಿ, ಸತ್ತವರ ಮನೆಗೆ 4 ಲಕ್ಷ ರೂಪಾಯಿ ಪರಿಹಾರ ಇಟ್ಟಿತು. ದುಡ್ಡಿಗಿಂತ ಮುಖ್ಯ, ಪರಿಹಾರ ಕೊಡಬೇಕಾದರೆ ಸಾವಿನ ಕಾರಣ ಸರಿಯಾಗಿ ಬರೆಯಲೇಬೇಕಾಗುತ್ತದೆ.

ನಾನು ಕೇಳುವುದು ಎರಡೇ. ಬೇಸಿಗೆಯಲ್ಲಿ ನಮ್ಮ ಜಿಲ್ಲೆಯ ದಿನದಿನದ ಸಾವಿನ ಲೆಕ್ಕ ಎಲ್ಲರಿಗೂ ಕಾಣುವ ಹಾಗೆ ಇಡಿ. ಮಿಲ್ಲು, ಮಂಡಿ, ಕಟ್ಟಡ ಕೆಲಸದ ಜಾಗಗಳಲ್ಲಿ ಮಧ್ಯಾಹ್ನ ಕೆಲಸ ನಿಲ್ಲಿಸುವ ಅಧಿಕಾರ ಒಬ್ಬ ಅಧಿಕಾರಿಗೆ ಕೊಟ್ಟು, ಅವರ ಫೋನ್ ನಂಬರನ್ನು ಅಲ್ಲಲ್ಲೇ ಗೋಡೆಯ ಮೇಲೆ ಬರೆಸಿ. ಕಾಕಾನ ಮಗ ಈಗ ಅದೇ ಹಮಾಲಿ ಕೆಲಸಕ್ಕೆ ಹೋಗುತ್ತಾನೆ. ಮುಂದಿನ ಮೇ ಬರುವುದರೊಳಗೆ ಆ ನಂಬರ್ ಅವನ ಫೋನಿನಲ್ಲಿ ಇರಬೇಕು.