ಕಲಗಚ್ಚಿಗೆ ಕೋಟು

2017ರ ಮೇ 8ರಂದು ದೇಶಕ್ಕೆ ದೇಶವೇ ನಿಘಂಟು ತೆರೆಯಿತು. ಪರೀಕ್ಷೆಗಲ್ಲ, ಬೈಗುಳಕ್ಕೆ. ಟಿವಿ ನಿರೂಪಕರೊಬ್ಬರ ಮೇಲೆ ಸಿಟ್ಟಾಗಿದ್ದ ಸಂಸದ ಶಶಿ ತರೂರ್ ಟ್ವಿಟರ್‌ನಲ್ಲಿ ‘ಫರಾಗೊ’, ಅಂದರೆ ಕಲಸುಮೇಲೋಗರ, ಎಂಬ ಇಂಗ್ಲಿಷ್ ಪದ ಬಿಟ್ಟಿದ್ದರು. ಬೈಸಿಕೊಂಡವರಿಗೆ ಎಷ್ಟು ನಾಟಿತೋ, ನೋಡುತ್ತಿದ್ದ ನಾವಂತೂ ಧನ್ಯರಾದೆವು. ಭಾರತದಲ್ಲಿ ಆ ಪದ ಹುಡುಕುವವರು ದಿಢೀರನೆ ಹೆಚ್ಚಿದ್ದಾರೆ ಎಂದು ಆಕ್ಸ್‌ಫರ್ಡ್ ನಿಘಂಟಿನವರೇ ಸಾರಿದರು. ಬೈಗುಳದ ಹಿಂದಿನ ಜಗಳ ಏನೆಂದು ಹುಡುಕಿದವರ ಲೆಕ್ಕವನ್ನು ಯಾರೂ ಇಡಲಿಲ್ಲ.

ನಮ್ಮ ಪಾರ್ಕಿನಲ್ಲಿ ನಡೆಯಲು ಬರುವ ನಿವೃತ್ತ ಎಂಜಿನಿಯರರೊಬ್ಬರಿಗೆ ಆ ಪದ ಅಂದೇ ಅಂಟಿಕೊಂಡಿತು. ಸೋಮವಾರ ನಗರಪಾಲಿಕೆಯ ಬಜೆಟ್ಟು ಫರಾಗೊ. ಬುಧವಾರ ಬೀಗರ ಮಾತು ಫರಾಗೊ. ಭಾನುವಾರ ಹೆಂಡತಿ ಮಾಡಿದ ಹುಳಿಯೂ ಫರಾಗೊ. ಹೊಗಳಿಕೆಯೆಂದು ತಿಳಿದ ಆಕೆ ಇನ್ನೊಂದು ಸೌಟು ಬಡಿಸಿದರಂತೆ.

ಪದದ ಜಾತಕ ಬಿಡಿಸಿದರೆ ಮಜಾ ಇರುವುದೇ ಇಲ್ಲಿ. ಲ್ಯಾಟಿನ್‌ನಲ್ಲಿ ‘ಫಾರ್’ ಎಂದರೆ ಒಂದು ಜಾತಿಯ ಗೋಧಿ. ಕಂಡಕಂಡ ಕಾಳು ಬೆರೆಸಿ ದನಕ್ಕೆ ಹಾಕುವ ಮೇವು ‘ಫರಾಗೊ’. ರೋಮಿನ ವಿಡಂಬನಕಾರ ಜುವೆನಲ್ ತನ್ನ ಪುಸ್ತಕವನ್ನೇ ಹಾಗೆ ಕರೆದುಕೊಂಡಿದ್ದ. ಒಟ್ಟಿನಲ್ಲಿ ನಮ್ಮ ಕೊಟ್ಟಿಗೆಯ ಕಲಗಚ್ಚಿನ ಷಡ್ಡಕ. ಅಜ್ಜಿಯ ಹಿತ್ತಲಿನ ಬಾನಿಯಲ್ಲಿ ಅಕ್ಕಿ ತೊಳೆದ ನೀರು, ಬಾಳೆಹಣ್ಣಿನ ಸಿಪ್ಪೆ, ಹಿಂಡಿ, ನಿನ್ನೆಯ ಗಂಜಿಯ ತಳ ಎಲ್ಲವೂ ತೇಲುತ್ತಿದ್ದವು. ಎಮ್ಮೆ ಕಣ್ಣಿನವರೆಗೂ ಮುಖ ಅದ್ದಿ ಸೊರಸೊರನೆ ಹೀರುತ್ತಿತ್ತು, ನಿಘಂಟು ಕೇಳುತ್ತಿರಲಿಲ್ಲ.

‘ನಿಮ್ಮ ಭಾಷಣ ಕಲಗಚ್ಚು’ ಎಂದು ಸದನದಲ್ಲಿ ಯಾರಾದರೂ ಹೇಳಿ ನೋಡಲಿ, ಕಡತದಿಂದ ತೆಗೆಯಿರೆಂದು ಗದ್ದಲ ಏಳುತ್ತದೆ. ಫರಾಗೊ ಎಂದರೆ ಮೇಜು ಕುಟ್ಟುತ್ತಾರೆ.

ಮರುವರ್ಷ ತರೂರರು ಪುಸ್ತಕದ ಪ್ರಚಾರಕ್ಕೆ ಇನ್ನೊಂದನ್ನು ಬಿಟ್ಟರು: ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್. ಇಂಗ್ಲಿಷಿನಲ್ಲಿ 29 ಅಕ್ಷರ. ಉಣ್ಣೆಯ ಎಳೆ, ಕೂದಲು ಎಂದೆಲ್ಲ ಬರುವ ನಾಲ್ಕು ಲ್ಯಾಟಿನ್ ಪದಗಳನ್ನು ಹೊಸೆದದ್ದು. ಕವಿ ವಿಲಿಯಂ ಶೆನ್‌ಸ್ಟೋನ್ 1741ರಷ್ಟು ಹಿಂದೆಯೇ ಕಾಗದದಲ್ಲಿ ಬಳಸಿದ್ದ. ಮೂರು ಕಾಸಿನ ಬೆಲೆಯಿಲ್ಲವೆಂದು ತಳ್ಳಿಹಾಕುವುದು ಎಂದು ಅರ್ಥ. ಅಜ್ಜಿ ಇದನ್ನು ‘ಥೂ’ ಎಂದು ಮುಗಿಸಿ 28 ಅಕ್ಷರ ಉಳಿಸುತ್ತಿದ್ದಳು.

ಮೊನ್ನೆ ತಡೆಯಲಾರದೆ ಎಂಜಿನಿಯರರಿಗೆ ಫರಾಗೊ ಎಂದರೆ ದನದ ಮೇವು ಎಂದು ಹೇಳಿಬಿಟ್ಟೆ. ಎರಡು ಸುತ್ತು ಮಾತೇ ಇಲ್ಲ. ಮೂರನೆಯ ಸುತ್ತಿನಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿ, ದನಿ ತಗ್ಗಿಸಿ ಕೇಳಿಕೊಂಡರು: ‘ಇದು ನಮ್ಮ ಮನೆಯವರ ಕಿವಿಗೆ ಬೀಳುವುದು ಬೇಡ.’